ಕೊಕ್ಕರೆ ತಂದ ತಾಳದ ಪೆಟ್ಟಿಗೆ

ಇದು ನಡೆದದ್ದು ಆಶ್ವಯುಜ ಶುದ್ಧ ಪಾಡ್ಯದಿಂದ ಪಂಚಮಿಯವರೆಗೆ, ಐದು ದಿನಗಳಲ್ಲಿ.

ನೀರ್ಮಲೆ ಅಂತ ಒಂದು ರಾಜ್ಯ ಇತ್ತು, ಮಕ್ಕಳೇ. ಅಲ್ಲಿ ಬೆಳಗಾಗುವ ಕ್ರಮವೇ ಬೇರೆ. ಮೊದಲು ವೀಣೆ ನುಡಿಯಬೇಕು. ವೀಣೆ ಕೇಳಿ ಕೊಳದ ತಾವರೆ ಅರಳಬೇಕು. ಆಮೇಲೆ ಸೂರ್ಯ ಬರುತ್ತಿದ್ದ.

ವೀಣೆ ನುಡಿಸುತ್ತಿದ್ದವಳು ನಾಚಾರಮ್ಮ. ಅವಳ ನಾದ ಜೇನಿನಂಥದು. ಆದರೆ ರಾಗ ಹಿತವಾದ ಕೂಡಲೇ ಕೈ ಓಡುತ್ತಿತ್ತು. ಆದಿತಾಳದ ಎಂಟು ಎಣಿಕೆಗೆ ತಾವರೆಯ ಎಂಟು ಎಸಳು ಬಿಚ್ಚಬೇಕು. ಕೈ ಓಡಿದರೆ ಹೂ ಐದನೇ ಎಸಳಿಗೇ ಗಾಬರಿಬಿದ್ದು ಮುಚ್ಚಿಕೊಳ್ಳುತ್ತಿತ್ತು. ಆ ದಿನವೆಲ್ಲ ಊರಿಗೆ ಅರೆಬೆಳಕು. ಹಾಲು ಕರೆಯುವವರು ದೀಪ ಹಿಡಿದು ಕೊಟ್ಟಿಗೆಗೆ ಹೋಗಬೇಕು.

ಪಾಡ್ಯದಂದೂ ಹಾಗೆಯೇ ಆಯಿತು. ಪಂಚಮಿಯ ಬೆಳಗಿಗೂ ಹೂ ಪೂರ್ತಿ ಅರಳದಿದ್ದರೆ ವೀಣೆ ಬೇರೆಯವರ ಕೈಗೆ ಹೋಗುತ್ತದೆ ಎಂದು ರಾಜ ಹೇಳಿದ. ಪಕ್ಕದಲ್ಲಿದ್ದ ಮೃದಂಗದ ಅಣ್ಣಾಜಿ ತಲೆದೂಗಿದ. ಆ ಜಾಗ ತನ್ನ ಮಗಳಿಗೆ ಸಿಗಲಿ ಅಂತ ಅವನಿಗೆ ಬಹಳ ದಿನದ ಆಸೆ.

ನಾಚಾರಮ್ಮ ಕೊಳದ ಮೆಟ್ಟಿಲ ಮೇಲೆ ಕೂತಳು. ಏಳನೇ ವಯಸ್ಸಿಗೆ ಹಿಡಿದ ವೀಣೆ. ಅದಿಲ್ಲದಿದ್ದರೆ ಬೆರಳುಗಳನ್ನು ಎಲ್ಲಿಟ್ಟುಕೊಳ್ಳುವುದು ಅಂತ ಯೋಚಿಸಿದಳು. ಆಗ ಮಂಜಿನೊಳಗಿಂದ ಒಂದು ಕೊಕ್ಕರೆ ನಡೆದು ಬಂತು. ಕುತ್ತಿಗೆಯಲ್ಲಿ ಅಂಗೈಯಗಲದ ಪೆಟ್ಟಿಗೆ. ಅದರ ಮೇಲೆ ಕೆಂಪಗೆ ಹೊಳೆಯುವ ಅಂಕಿ: ಅರವತ್ತು. ಗುಂಡಿ ಒತ್ತಿದರೆ ಟಿಕ್, ಟಿಕ್, ಟಿಕ್. ನಿಮಿಷಕ್ಕೆ ಅರವತ್ತು ಪೆಟ್ಟು. ಅಂಕಿ ಏರಿಸಿದರೆ ಬೇಗ, ಇಳಿಸಿದರೆ ನಿಧಾನ. ಇನ್ನೂ ಬಾರದ ಕಾಲದ ಊರೊಂದರಿಂದ ತಂದೆ ಎಂದು ಕೊಕ್ಕರೆ ತಿಳಿಸಿತು.

"ಇದಕ್ಕೆ ಯಾವ ರಾಗವೂ ಹಿತವಲ್ಲ ತಾಯಿ," ಅಂತು. "ಅದಕ್ಕೇ ಓಡೋದಿಲ್ಲ."

ಬಿದಿಗೆಯಂದು ನಾಚಾರಮ್ಮ ಸರಳೆ ವರಸೆ ನುಡಿಸಿದಳು, ಮಕ್ಕಳ ಮೊದಲ ಪಾಠ. ಟಿಕ್ ಹಿಂದೆ ಬಿತ್ತು. ಪೆಟ್ಟಿಗೆ ತೂಕಡಿಸುತ್ತಿದೆ ಎಂದು ಬೈದಳು. ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಅಣ್ಣಾಜಿ ಇಣುಕಿ, ಆಸ್ಥಾನದ ವಿದುಷಿಯವರು ಸರಳೆಗೆ ಇಳಿದರು, ನಾಳೆ ಅಕ್ಷರಾಭ್ಯಾಸವೋ ಎಂದು ಕೇಳಿ ಹೋದ.

ತದಿಗೆಯಂದು ಅಂಕಿಯನ್ನು ಐವತ್ತಕ್ಕೆ ಇಳಿಸಿದಳು. ಎಣಿಸಿ ಎಣಿಸಿ ನುಡಿಸಿದಳು. ತಪ್ಪಿದ್ದೆಲ್ಲ ಆರನೇ ಎಣಿಕೆಯಲ್ಲಿ. ತಾಳದಲ್ಲಿ ಅಲ್ಲಿ ಕೈ ಬೀಸುತ್ತಾರೆ, ಸದ್ದಿರುವುದಿಲ್ಲ. ಸದ್ದಿಲ್ಲದ ಜಾಗದಲ್ಲಿ ಅವಳಿಗೆ ಕಾಯಲಾಗುತ್ತಿರಲಿಲ್ಲ.

ಚೌತಿಯಂದು ಮತ್ತೆ ಅರವತ್ತು. ನುಡಿಸುತ್ತಿದ್ದಂತೆ ಟಿಕ್ ಮಾಯವಾಯಿತು. ಕೆಟ್ಟಿತೇನೋ ಎಂದು ಕೈ ನಿಲ್ಲಿಸಿದಳು. ಪೆಟ್ಟಿಗೆ ನಡೆಯುತ್ತಲೇ ಇತ್ತು. ಮತ್ತೆ ನುಡಿಸಿದಳು, ಮತ್ತೆ ಮಾಯ. ಮೀಟೂ ಟಿಕ್ಕೂ ಒಂದೇ ಕ್ಷಣಕ್ಕೆ ಬೀಳುತ್ತಿದ್ದವು, ಒಂದರೊಳಗೊಂದು ಅಡಗಿದ್ದವು. ನೀರಿನ ಅಲೆ, ಮಂಜು, ತನ್ನ ಉಸಿರು, ಎಲ್ಲವೂ ಅದೇ ನಡೆಯಲ್ಲಿ ತೂಗಿದಂತೆ ಅನಿಸಿತು. ಕಣ್ಣು ಬಿಟ್ಟಾಗ ಕೊಕ್ಕರೆ ಇರಲಿಲ್ಲ, ಪೆಟ್ಟಿಗೆ ಮಾತ್ರ ಮೆಟ್ಟಿಲ ಮೇಲಿತ್ತು.

ಪಂಚಮಿ. ಪೆಟ್ಟಿಗೆಯ ಸುದ್ದಿ ರಾಜನಿಗೂ ಮುಟ್ಟಿತ್ತು. ಎಲ್ಲರಿಗೂ ಕೇಳುವಂತೆ ಅದನ್ನು ಕಟ್ಟೆಯ ಮೇಲಿಡಲು ರಾಜನ ಅಪ್ಪಣೆಯಾಗಿತ್ತು. ಅಣ್ಣಾಜಿ ಮೊದಲೇ ಬಂದು ಅದಕ್ಕೆ ಶಾಲು ಹೊದಿಸಿದ್ದ. ಇಬ್ಬನಿ ಬೀಳಬಾರದು ನೋಡಿ, ಅಂದ.

ನಾಚಾರಮ್ಮ ಮೀಟಿದಳು. ಟಿಕ್ ಮುಂದೆ ಓಡಿತು. ಬಿದಿಗೆಯಂದು ಪೆಟ್ಟಿಗೆಯನ್ನು ಬೈದು ಸೋತಿದ್ದಳು. ಈಗ ಯಾರನ್ನು ನಂಬುವುದು? ಎಂಟು ಎಣಿಕೆಯ ಒಂದು ಆವರ್ತ ಮನಸ್ಸಿನಲ್ಲೇ ಎಣಿಸಿದಳು. ಆರನೆಯದರಲ್ಲಿ ಕಾದಳು, ಆದರೂ ಟಿಕ್ ಮುಂದಿತ್ತು. ತಪ್ಪು ತನ್ನದಲ್ಲ.

ಪೆಟ್ಟಿಗೆ ಓಡುತ್ತಿದೆ ಎಂದಳು. ಅಣ್ಣಾಜಿ ನಕ್ಕ. ಕುಣಿಯಲಾರದವರಿಗೆಲ್ಲ ನೆಲದ ಮೇಲೇ ಸಿಟ್ಟು, ಅಂದ.

ನಾಚಾರಮ್ಮ ಬೇಕೆಂದೇ ತಪ್ಪು ಹೇಳಿದಳು. "ಇದು ಅರವತ್ತಲ್ಲ ಪ್ರಭು, ಎಪ್ಪತ್ತು."

ತಪ್ಪು ಲೆಕ್ಕ ಕೇಳಿ ಸುಮ್ಮನಿರುವುದು ಮೃದಂಗದವನಿಗೆ ಆಗುತ್ತದೆಯೇ? "ಎಪ್ಪತ್ತೆಲ್ಲಿ ಬಂತಮ್ಮ, ಅರವತ್ತಾರು," ಅಂದುಬಿಟ್ಟ.

ರಾಜ ಶಾಲು ಸರಿಸಿದ. ಅರವತ್ತಾರು. "ಮುಚ್ಚಿದ ಅಂಕಿ ನಿಮಗೆ ಹೇಗೆ ಗೊತ್ತಾಯಿತು, ಅಣ್ಣಾಜಿಗಳೇ?"

ಕಿವಿಯಿಂದಲೇ ತಿಳಿಯಿತು ಅಂದ. ರಾಜ ಶಾಲಿನಡಿ ಅಂಕಿ ಬದಲಿಸಿ ಕೇಳಿದ. ಅಣ್ಣಾಜಿ ಎಂಬತ್ತು ಅಂದ, ಎಪ್ಪತ್ತೆರಡಿತ್ತು. ಮತ್ತೆ ಬದಲಿಸಿದ. ಐವತ್ತು ಅಂದ, ಐವತ್ತೆಂಟಿತ್ತು. ಮೂರನೇ ಸಲ ಅಣ್ಣಾಜಿ ತಲೆ ತಗ್ಗಿಸಿದ.

ನಾಚಾರಮ್ಮ ಪೆಟ್ಟಿಗೆಯ ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು. ಬರಿಗಿವಿಯಲ್ಲಿ ನುಡಿಸಿದಳು. ಐದನೇ ಎಸಳು ಬಿಚ್ಚಿತು. ಸದ್ದಿಲ್ಲದ ಬೀಸು ಬಂತು, ಕಾದಳು. ಆರನೆಯದು ನಿಧಾನವಾಗಿ, ನಿದ್ದೆಯಿಂದ ಏಳುವ ಮಗುವಿನಂತೆ ಬಿಚ್ಚಿತು. ಏಳು. ಎಂಟು. ಊರಿನ ಮೇಲೆ ಪೂರ್ತಿ ಬೆಳಕು ಬಂತು.

ನೀತಿ ಇಷ್ಟು, ಮಕ್ಕಳೇ. ಅಳತೆಗೆ ತಲೆಬಾಗಿ ಕಲಿತವಳ ಕೈ ತಾನೇ ಅಳತೆಯಾಗುತ್ತದೆ. ಅಳತೆಯನ್ನು ತಿರುಚಿದವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ.

ಅಣ್ಣಾಜಿಯನ್ನು ರಾಜ ಓಡಿಸಲಿಲ್ಲ. ದಿನಾ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಮೊದಲ ಪಾಠ ನುಡಿಸಬೇಕು ಅಂತ ಶಿಕ್ಷೆ. ಅಂಕಿ ಇಟ್ಟವಳು ನಾಚಾರಮ್ಮ. ನಲವತ್ತು.