ಯೋನಪ್ಪ ಪರದೆಗೆ ಅಕ್ಷರ ಹಾಕಿದ್ದು

ಒಂದೂರಲ್ಲಿ ಲೇಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಯೋನಪ್ಪ. ವಯಸ್ಸು ಮೂವತ್ತು, ಮೀಸೆ ದಪ್ಪ, ಬುದ್ಧಿ ಮಾತ್ರ ತೆಳ್ಳಗೆ. "ಹಾಲು ಉಕ್ಕುತ್ತೇನೋ ನೋಡು" ಅಂದರೆ, ಉಕ್ಕಿ ಒಲೆ ಆರುವವರೆಗೂ ಚಪ್ಪಾಳೆ ತಟ್ಟುತ್ತಾ ನೋಡುವವನು!

"ದೇವರೇ, ಇವನಿಗೆ ಯಾರು ಕೆಲಸ ಕೊಡ್ತಾರೆ!" ಅಂತ ಲೇಯಮ್ಮ ಹಣೆ ಬಡಿದುಕೊಂಡಳು.

ಆದರೆ ಅವನಿಗೆ ಟೈಪಿಂಗ್ ಒಂದು ಬರುತ್ತಿತ್ತು. ಚರ್ಚಿನಲ್ಲಿ ಪ್ರೊಜೆಕ್ಟರಿನ ಪರದೆಗೆ ಸ್ಲೈಡು ಮಾಡುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳು. ಲೇಯಮ್ಮ ಓಡಿಹೋಗಿ ಪಾದ್ರಿ ಅಯ್ಯನವರ ಕಾಲು ಹಿಡಿದಳು.

"ಆಗಲಿ ಕಣಮ್ಮ," ಅಂದರು ಅಯ್ಯನವರು. "ಯೋನಪ್ಪ, ಪ್ರಸಂಗದಲ್ಲಿ ನಾನು ಉಪದೇಶ ಹೇಳೋದೆಲ್ಲ ಪರದೆ ಮೇಲೆ ಬರಬೇಕು."

"ಬರುತ್ತೆ ಅಯ್ಯನೋರೆ!"

ಭಾನುವಾರ ಬಂತು. ಎಲ್ಲಾ ಬಂತು! ಅಯ್ಯನವರು ಕೆಮ್ಮಿದರೆ "ಖೊಕ್ ಖೊಕ್" ಬಂತು. "ಯಾರಾದ್ರೂ ಫ್ಯಾನ್ ಹಾಕ್ರಪ್ಪಾ" ಬಂತು. ಪರದೆ ತುಂಬ ಇರುವೆ ಸಾಲು!

"ಏನೋ ಇದು! ಒಂದಕ್ಷರ ಕಾಣಲ್ಲ! ದಪ್ಪಗೆ ಹಾಕೋ, ದಪ್ಪಗೆ!"

"ಅಷ್ಟೇ ತಾನೇ!"

ಮುಂದಿನ ಭಾನುವಾರ ಪರದೆ ತುಂಬ "ಪ್ರೀ" ಬಂತು. ಆಮೇಲೆ ಪರದೆ ತುಂಬ "ತಿ" ಬಂತು. ಪ್ರಸಂಗ ಮುಗಿದು ಜನ ಚಪ್ಪಲಿ ಮೆಟ್ಟುವಾಗ "ಇ" ಬಂದಿತ್ತು, "ರಲಿ" ಇನ್ನೂ ಬರಬೇಕಿತ್ತು.

"ಅಯ್ಯೋ ಮಂಕೇ! ಒಂದು ಸ್ಲೈಡಿಗೆ ಆರು ಪದ ಹಾಕು. ಆರೇ! ಏಳನೇದು ಬೇಡ!"

"ಅಷ್ಟೇ ತಾನೇ!"

ಮೂರನೇ ಭಾನುವಾರ ಅಯ್ಯನವರು ಕೈ ಎತ್ತಿ ಸಾರಿದರು: "ಪಕ್ಕದ ಮನೆಯವರ ಕೋಳಿಯನ್ನು ಕದ್ದು ತಿನ್ನುವುದು ಒಳ್ಳೆಯದು ಅಲ್ಲ!" ಯೋನಪ್ಪ ಬೆರಳು ಮಡಚಿ ಎಣಿಸಿದ. ಆರು ಪದ ಹಾಕಿದ, ನಿಲ್ಲಿಸಿದ.

"ಪಕ್ಕದ ಮನೆಯವರ ಕೋಳಿಯನ್ನು ಕದ್ದು ತಿನ್ನುವುದು ಒಳ್ಳೆಯದು!"

ಸಭೆಯೆಲ್ಲ "ಆಮೆನ್!" ಅಂತು.

ಅಯ್ಯನವರ ಮುಖ ಕೆಂಡವಾಯಿತು. "ಮುಂದಿನ ವಾರ ಬಿಷಪ್ಪರು ಬರ್ತಾರೆ! ಆವತ್ತು ಕೆಟ್ಟರೆ ನಿನ್ನ ಕೆಲಸ ಹೋಯ್ತು! ಕೇಳಿಸ್ಕೋ. ಹಿಂದೆ ಕಪ್ಪಿರಬೇಕು, ಅಕ್ಷರ ಬೆಳ್ಳಗೆ ಹೊಳೀಬೇಕು!"

ಲೇಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಮಗಾ, ಇದೊಂದ್ಸಲ ಅವರು ಹೇಳಿದ ಹಾಗೇ ಮಾಡಪ್ಪಾ!"

"ಹಾಗೇ ಮಾಡ್ತೀನಮ್ಮ!" ಯೋನಪ್ಪನಿಗೋ ಹುಮ್ಮಸ್ಸು! ಶನಿವಾರವೇ ಹೋಗಿ, ಶಾಲೆಯ ಕರಿಹಲಗೆಗೆ ಬಳಿಯೋ ಬಣ್ಣ ತಂದು, ಬಿಳೀ ಪರದೆಗೆ ಮೂರು ಸಲ ಬಳಿದ. ಕಪ್ಪಂದ್ರೆ ಕಪ್ಪು!

ಭಾನುವಾರ ಅಕ್ಷರ ಬಿಟ್ಟ. ಕಾಣಲಿಲ್ಲ! ಇನ್ನೊಂದು ಸ್ಲೈಡು ಬಿಟ್ಟ. ಕಾಣಲಿಲ್ಲ! ಅಷ್ಟರಲ್ಲಿ ಬಿಷಪ್ಪರು, ಪಾದದವರೆಗೂ ಬಿಳೀ ನಿಲುವಂಗಿ ತೊಟ್ಟವರು, ಎದ್ದು ಪರದೆಯ ಮುಂದೆ ನಿಂತರು. ನಿಂತದ್ದೇ ತಡ, ಅವರ ಹೊಟ್ಟೆ ಮೇಲೆ ಫಳಫಳ ಅಂತ ಮೂಡಿತು: "ಹೆದರಬೇಡಿರಿ!"

ಜನ ಹೋ ಅಂತ ಎದ್ದು ನಿಂತು ಓದಿದರು. ಬಿಷಪ್ಪರು ಗಾಬರಿಯಾಗಿ ಪಕ್ಕಕ್ಕೆ ಸರಿದರು. ಅಕ್ಷರ ಮಾಯ!

ಯೋನಪ್ಪ ಬೆಂಚು ಹಾರಿ ಓಡಿಬಂದ. ಬಿಷಪ್ಪರ ಎರಡೂ ಭುಜ ಹಿಡಿದು ಮತ್ತೆ ನಡುಮಧ್ಯಕ್ಕೆ ಎಳೆದು ನಿಲ್ಲಿಸಿದ.

"ಅಲ್ಲಾಡಬೇಡಿ ಸ್ವಾಮಿ! ಮುಂದಿನ ಸಾಲು ಉದ್ದ ಇದೆ, ತೋಳು ಅಗಲ ಚಾಚಿ!"