ಅರಳಿಮರಕ್ಕೆ ಕಟ್ಟಿದ ಓಲೆ

ಸೋವಿದೇವ ರಾಜಸಭೆಯಲ್ಲಿ ಕೂರುವ ದೊಡ್ಡ ಮನುಷ್ಯ. ಆದರೂ ಬೆಳಗಾದರೆ ಹೊಳೆದಂಡೆಯ ಆಶ್ರಮಕ್ಕೆ ಬಂದು, ಗುರು ನಿರ್ವಾಣಯ್ಯನವರ ಅಂಗಳ ಗುಡಿಸಿ, ಅವರ ಮಾತು ಕೇಳಿಯೇ ಸಭೆಗೆ ಹೋಗುತ್ತಿದ್ದ. ಒಳ್ಳೆಯವನೇ. ಸ್ವಲ್ಪ ಪುಕ್ಕಲ, ಅಷ್ಟೇ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ನಟ್ಟನಡುವೆ ಒಂದು ಕರಿಕಲ್ಲು. ರಾಜನ ಮಾತಿಗೆ ಒಪ್ಪಿದವರು ಎದ್ದು ಬಂದು ಅದರ ಮೇಲೆ ಬಲಗೈ ಇಡಬೇಕು. ಒಪ್ಪದವರು ಕೂತಲ್ಲೇ ಕೂತಿರಬಹುದು.

ಕೂತಿರಬಹುದು ಅನ್ನುವುದೇನೋ ಸುಲಭ. ಹಾಗೆ ಕೂತವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಒಂದು ದಿನ ರಾಜ, ಆಚೆ ದಡದ ನಾಡಿನ ಮೇಲೆ ದಂಡೆತ್ತಿ ಹೋಗೋಣ ಎಂದ. ಸೋವಿದೇವನಿಗೆ ಅದು ಒಪ್ಪಿಗೆಯಿರಲಿಲ್ಲ. ಆದರೆ ದಂಡನಾಯಕನ ಕಣ್ಣು ಎಲ್ಲರ ಮೇಲೂ ಇತ್ತು. ಎದ್ದು ಹೋಗಿ ಕೈ ಇಟ್ಟ.

ಮನೆಗೆ ಬಂದವನೇ ಯುದ್ಧವನ್ನು ಹಳಿದು ಒಂದು ಓಲೆ ಬರೆದ. ಅಕ್ಷರ ತಿರುಚಿದ. ಹೆಸರು ಹಾಕಲಿಲ್ಲ. ನಸುಕಿನಲ್ಲೇ ಹೋಗಿ ದೋಣಿಕಟ್ಟೆಯ ಅರಳಿಮರಕ್ಕೆ ಕಟ್ಟಿ ಬಂದ.

"ಎರಡೂ ದಡದವರು ಕೊಡ ತುಂಬುವುದು ಒಂದೇ ಹೊಳೆಯಲ್ಲಿ. ಅದರಲ್ಲಿ ನೆತ್ತರು ಹರಿದರೆ ಕುಡಿಯುವವರು ಯಾರು?" ಓಲೆ ಹಾಗೆ ಶುರುವಾಗುತ್ತಿತ್ತು.

ಊರೇ ಮುಗಿಬಿತ್ತು. ಓದು ಬಂದವರು ಓದಿದರು, ಬಾರದವರು ಓದಿಸಿಕೊಂಡರು. ನೀರಿಗೆ ಬಂದ ಹೆಂಗಸರ ಬಾಯಲ್ಲೂ ಅದೇ ಮಾತು. ಸೋವಿದೇವ ಯಾರಿಗೂ ಕಾಣದಂತೆ ನಿಂತು ಕೇಳಿದ, ಒಳಗೊಳಗೇ ಹಿಗ್ಗಿದ.

ಆ ಹಿಗ್ಗಿನಲ್ಲಿ ಓಲೆಯದೊಂದು ಪ್ರತಿ ಹಿಡಿದು ಆಶ್ರಮಕ್ಕೂ ಬಂದ. ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಊರೆಲ್ಲ ಇದನ್ನೇ ಮಾತಾಡುತ್ತಿದೆ. ಓದಲೇ?"

"ಯಾರು ಹೇಳಿದ್ದು?"

"ಹೆಸರಿಲ್ಲ. ಸತ್ಯಕ್ಕೆ ಹೆಸರು ಯಾಕೆ ಗುರುಗಳೇ?"

"ಹೇಳುವವನೇ ಇಲ್ಲ ಅಂದಮೇಲೆ ಕೇಳುವುದು ಹೇಗಪ್ಪ?"

ಅಷ್ಟು ಹೇಳಿ ಮತ್ತೆ ಕಾಯಿಗೆ ಕೈಹಾಕಿದರು. ಪಾಪ, ವಯಸ್ಸಾಯಿತು, ರಾಜಕಾರಣ ಇವರಿಗೇನು ಗೊತ್ತು ಅಂದುಕೊಂಡ ಸೋವಿದೇವ.

ಆದರೆ ಅರಮನೆಯಲ್ಲಿ ಗುಸುಗುಸು ಎದ್ದಿತು. ಮುಚ್ಚಿದ ಬಾಗಿಲ ಹಿಂದೆ ದಂಡನಾಯಕ ಆಡಿದ ಮಾತೊಂದು ಆ ಓಲೆಯಲ್ಲಿತ್ತು. ಅಂದರೆ ಬರೆದವನು ಸಭೆಯವನೇ ಇರಬೇಕು! ಸೋವಿದೇವನಿಗೆ ಊಟ ಸೇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

ಆಗ ಅವನಿಗೊಂದು ಉಪಾಯ ಹೊಳೆಯಿತು. ತನ್ನ ಓಲೆಯನ್ನು ತಾನೇ ಬೈದು ಇನ್ನೊಂದು ಓಲೆ ಬರೆದ. ಅದಕ್ಕೂ ಹೆಸರಿಲ್ಲ. ಮೊದಲ ಓಲೆ ಸಭೆಯ ಗೌರವಸ್ಥರು ಬರೆದದ್ದಲ್ಲ, ಹೊಳೆದಂಡೆಯಲ್ಲಿ ಬಿಟ್ಟಿ ಕೂಳು ತಿಂದು ಕೂತ ಯಾವನೋ ಕಾವಿಯವನ ಹರಟೆ ಎಂದು ಸೇರಿಸಿ, ಅದನ್ನೂ ಅದೇ ಅರಳಿಮರಕ್ಕೆ ಕಟ್ಟಿದ.

ಹೊಳೆದಂಡೆಯಲ್ಲಿ ಕಾವಿ ಉಟ್ಟವರಿಗೆ ಬರವೇ? ಯಾರನ್ನಂತ ಹಿಡಿಯುತ್ತಾರೆ? ಹಾಗಂದುಕೊಂಡು ನೆಮ್ಮದಿಯಾಗಿ ಉಂಡ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿಯಾಗಿತ್ತು.

ಸಭೆ ಮತ್ತೆ ಸೇರಿತು. ಎರಡನೆಯ ಓಲೆಯ ಸುಳಿವು ಹಿಡಿದು ಹುಡುಕಿದ್ದಾಯಿತು, ಮೊದಲ ಓಲೆ ಬರೆದವನು ಸಿಕ್ಕಿದ್ದಾನೆ ಎಂದು ದಂಡನಾಯಕ ಸಾರಿದ. ಬರೆದ ಕೈಯನ್ನು ಕಡಿಯಬೇಕು, ಒಪ್ಪಿಗೆಯೇ ಎಂದು ರಾಜ ಕೇಳಿದ.

ಅನುಮಾನ ಬರಬಾರದಲ್ಲ, ಎಲ್ಲರಿಗಿಂತ ಮೊದಲು ಸೋವಿದೇವನೇ ಎದ್ದು ಕಲ್ಲಿನ ಮೇಲೆ ಕೈ ಇಟ್ಟ. ಯಾರೋ ಗೊತ್ತಿಲ್ಲದವನು, ಪಾಪ, ಅಂದುಕೊಂಡ.

ಆಮೇಲೆ ಆ ಗೊತ್ತಿಲ್ಲದವನನ್ನು ಕರೆತಂದರು.

ನಿರ್ವಾಣಯ್ಯನವರು.

ಸೋವಿದೇವನಿಗೆ ಕಲ್ಲಿನ ಮೇಲಿಟ್ಟ ಕೈ ಎತ್ತಲು ಬರಲಿಲ್ಲ. ಇವರಲ್ಲ ಎಂದು ಕೂಗಬೇಕು, ಕೂಗಿದರೆ ಬರೆದವನು ಯಾರೆಂದೂ ಹೇಳಬೇಕು. ದಂಡನಾಯಕ ಓಲೆಯನ್ನು ಓದಿಸಿ, ಇದು ನಿನ್ನದೇ ಎಂದು ಮುದುಕರನ್ನು ಕೇಳಿದ.

"ಮಾತುಗಳು ನನ್ನವೇ," ಅಂದರು ಗುರುಗಳು.

ಮರುದಿನ ನಡುಹಗಲಿಗೆ ಶಿಕ್ಷೆ ಎಂದಾಯಿತು. ಸನ್ಯಾಸಿಯಲ್ಲವೇ, ಸೆರೆಮನೆ ಬೇಡವೆಂದು ಕಾವಲಿಟ್ಟು ಆಶ್ರಮದಲ್ಲೇ ಬಿಟ್ಟರು.

ಸೋವಿದೇವ ಏದುಸಿರು ಬಿಡುತ್ತ ಅಲ್ಲಿಗೆ ಓಡಿದ. ಸಭೆಯ ದೊಡ್ಡವರೆಂದು ಕಾವಲಿನವರು ಒಳಗೆ ಬಿಟ್ಟರು. ಗುರುಗಳು ಉಳಿದ ಅವರೆಕಾಯಿ ಮುಂದಿಟ್ಟುಕೊಂಡು ಕೂತಿದ್ದರು.

"ಏನು ಮಾಡಿಕೊಂಡಿರಿ ಗುರುಗಳೇ! ಅದನ್ನು ಬರೆದದ್ದು ನೀವಲ್ಲ."

"ಬರೆದೆ ಅಂತ ನಾನೆಲ್ಲಿ ಅಂದೆ? ಮಾತು ನನ್ನದು ಅಂದೆ. ಕೊಡದ ಮಾತು, ಹೊಳೆಯ ಮಾತು, ಇದೇ ಜಗಲಿಯ ಮೇಲೆ ಕೂತು ಯಾರಿಗೋ ಹೇಳಿದ್ದೆ. ಅಲ್ಲವೇ?"

ಸೋವಿದೇವ ಕಾಲಿಗೆ ಬಿದ್ದ. ಅಳುತ್ತ ಎಲ್ಲವನ್ನೂ ಹೇಳಿಕೊಂಡ. ಮೊದಲ ಓಲೆಯ ವಿಷಯ ಕೇಳಿ ಗುರುಗಳು ತಲೆ ಎತ್ತಲಿಲ್ಲ, ಸುಲಿಯುತ್ತಲೇ ಇದ್ದರು. ಎರಡನೆಯದನ್ನು ಹೇಳಿದಾಗ ಅವರ ಕೈ ನಿಂತಿತು.

"ಬಿಟ್ಟಿ ಕೂಳು ಅಂತ ಬರೆದವನೂ ನೀನೇನಾ?"

"ಹೌದು."

ಗುರುಗಳು ತುಂಬ ಹೊತ್ತು ಹೊಳೆಯ ಕಡೆ ನೋಡಿದರು. ಆ ಮುಖವನ್ನು ಸೋವಿದೇವ ಹಿಂದೆಂದೂ ಕಂಡಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಡೆಯಲಾಗದೆ ಅವನೇ ಬಾಯಿಬಿಟ್ಟ. "ನಿಮ್ಮನ್ನು ಉಳಿಸುತ್ತೇನೆ ಗುರುಗಳೇ. ಈಗಲೇ ಇನ್ನೊಂದು ಓಲೆ ಬರೆಯುತ್ತೇನೆ. ನೀವು ನಿರಪರಾಧಿ ಅಂತ. ಊರಿಗೆ ಊರೇ ಎದ್ದು ನಿಲ್ಲಬೇಕು, ಹಾಗೆ ಬರೆಯುತ್ತೇನೆ."

"ಹೆಸರು ಹಾಕುತ್ತೀಯಾ?"

ಸೋವಿದೇವ ನೆಲ ನೋಡಿದ. ತಾನು ಏನು ಹೇಳಿಬಿಟ್ಟೆ ಎಂದು ಆಗ ತಿಳಿಯಿತು.

ಗುರುಗಳು ಅವರೆಕಾಯಿಯ ಮೊರವನ್ನು ಅವನ ಮುಂದಕ್ಕೆ ಸರಿಸಿದರು.

"ಇನ್ನು ಇದನ್ನು ನೀನೇ ಸುಲಿಯಬೇಕು. ಒಂದು ಕೈಯಲ್ಲಿ ನನಗಾಗುವುದಿಲ್ಲ."

ಸೋವಿದೇವ ಕೂತು ಸುಲಿದ. ಕಣ್ಣೀರಿಗೆ ಕಾಳು ಕಾಣಲಿಲ್ಲ. ಮೊರ ಖಾಲಿಯಾಗುವವರೆಗೂ ಏಳಲಿಲ್ಲ.

ಮರುದಿನ ನಡುಹಗಲು. ಸಭೆ ತುಂಬಿತ್ತು, ಕಟುಕ ಕತ್ತಿ ಹಿಡಿದು ನಿಂತಿದ್ದ. ಗುರುಗಳು ದಣಿದವರು ಒರಗಿಕೊಳ್ಳುವಂತೆ ಕರಿಕಲ್ಲಿನ ಮೇಲೆ ಕೈ ಇಟ್ಟು ನಿಂತರು. ಪಕ್ಕದಲ್ಲೇ ಮೊದಲ ಓಲೆ ಬಿದ್ದಿತ್ತು.

ಪದ್ಧತಿಯಂತೆ ರಾಜ ಕೊನೆಯದಾಗಿ ಕೇಳಿದ. ಎಲ್ಲರಿಗೂ ಒಪ್ಪಿಗೆಯೇ?

ಎಲ್ಲರೂ ಎದ್ದರು. ಸೋವಿದೇವ ಕೂತಿದ್ದ.

ಸಭೆ ತಿರುಗಿ ನೋಡಿತು. ಕೂತವನನ್ನು ನೋಡುವುದು ಅವರಿಗೆ ಅದೇ ಮೊದಲು. ಅಷ್ಟರಲ್ಲಿ ಸೋವಿದೇವ ಎದ್ದು ಬಂದ. ಗುರುಗಳ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತನ್ನ ಬಲಗೈ ಇಟ್ಟ.

"ಬರೆದದ್ದು ನಾನು, ಸೋವಿದೇವ. ಎರಡನ್ನೂ ನಾನೇ. ಮೊದಲನೆಯದು ನಿಜ. ಎರಡನೆಯದು ಸುಳ್ಳು."

ಕಟುಕ ರಾಜನ ಮುಖ ನೋಡಿದ. ರಾಜ ಕಲ್ಲಿನ ಮೇಲಿದ್ದ ಕೈಯನ್ನೇ ನೋಡುತ್ತಿದ್ದ.

ಗುರುಗಳು ಬಗ್ಗಿ ಓಲೆಯನ್ನು ಎತ್ತಿ ಶಿಷ್ಯನ ಎಡಗೈಗೆ ಕೊಟ್ಟರು. ಆಮೇಲೆ ಅವನ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಈಗ ಓದಪ್ಪ ಸೋವಿದೇವ. ಕೇಳುತ್ತೇನೆ."