ಓಗೊಡ್ಲಿನ ಕೂಗು

ಓಗೊಡ್ಲು ಗ್ರಾಮದ ನಕ್ಷೆಯನ್ನು ಮೊದಲ ಸಲ ನೋಡಿದವರು, ಅದನ್ನು ಬರೆದವನ ಕೈ ನಡುಗಿರಬೇಕು ಎಂದುಕೊಳ್ಳುತ್ತಾರೆ. ಪಡುವಲಲ್ಲಿ ಕಡಲು, ಬಡಗಲಲ್ಲಿ ಸೀಳುಹೊಳೆ, ನಡುವೆ ಕೆಂಪು ಮುರಕಲ್ಲಿನ ಒಂದು ಬೋಳುಗುಡ್ಡ. ಇಷ್ಟೇ ಆಗಿದ್ದರೆ ಕರಾವಳಿಯ ನೂರಾರು ಊರುಗಳಲ್ಲಿ ಇದೂ ಒಂದು. ಆದರೆ ಇದರ ಗಡಿ ಹೊಳೆಯ ತನಕ ಬಂದು ಅಲ್ಲಿ ನಿಲ್ಲುವುದಿಲ್ಲ. ನೀರು ದಾಟಿ, ಆಚೆ ದಡದ ಉಪ್ಪಿನಾಗರಗಳನ್ನು ಸೇರಿಸಿಕೊಂಡು, ಮರಳ ದಂಡೆಯುದ್ದಕ್ಕೂ ಕಿರಿದಾದ ಸೆರಗಿನಂತೆ ಸಾಗಿ, ಕಾಗೆಮೂಲೆ ಎಂಬ ಭೂಶಿರದ ಹಿಂದಿನ ಸಣ್ಣ ಕೊಲ್ಲಿಯಲ್ಲಿ ಮುಗಿಯುತ್ತದೆ. ಮೂಡಲಲ್ಲಾದರೋ ಗುಡ್ಡದ ಬುಡಕ್ಕೇ ಊರು ಮುಗಿಯಿತು. ಅಲ್ಲಿಂದಾಚೆ ಹಬ್ಬಿರುವ ಹುಲುಸಾದ ಗದ್ದೆಬಯಲಿನಲ್ಲಿ ಓಗೊಡ್ಲಿಗೆ ಒಂದು ಅಂಗೈಯಗಲದ ನೆಲವೂ ಇಲ್ಲ. ಗೊಡ್ಲು ಎಂದರೆ ತಗ್ಗಿನ ಗದ್ದೆ, ಹೆಸರು ಅದರಿಂದಲೇ ಬಂತು ಎಂದು ಓದಿದವರು ಹೇಳುವುದುಂಟು. ಊರಿನ ಹಿರಿಯರು ಅದಕ್ಕೆ ನಗುತ್ತಾರೆ. "ನಮ್ಮಲ್ಲಿ ಗದ್ದೆ ಎಲ್ಲುಂಟು ಮಾರಾಯ್ರೇ? ಇದು ಓಗೊಟ್ಟವರ ಊರು" ಎಂದು ಹೇಳಿ, ಹೊಸಬಿ ಎಂಬವಳ ಕಥೆಯನ್ನು ತೆಗೆಯುತ್ತಾರೆ.

ಹಿಂದೆ ಒಮ್ಮೆ ಈ ಜನರ ಊರು ಈಗ ಕಡಲಿರುವ ಕಡೆಯಲ್ಲಿತ್ತಂತೆ. ಒಂದು ಮಳೆಗಾಲದಲ್ಲಿ ಹೊಳೆ ತನ್ನ ಬಾಯನ್ನೇ ಬದಲಿಸಿತು. ಅಲೆಗಳು ದಂಡೆಯನ್ನು ಕಡಿದು ಮನೆಯಂಗಳಕ್ಕೆ ನುಗ್ಗಿದಾಗ ಎಲ್ಲರಿಗಿಂತ ಮೊದಲು ನೀರನ್ನು ಕಂಡವಳು ಅಂಬಿಗರ ಹೊಸಬಿ. ಅವಳು ಕೇರಿಯುದ್ದಕ್ಕೂ ಕೂಗುತ್ತ ಓಡಿದ್ದರಿಂದ ಜನ ಉಳಿದರು. ಮನೆ, ಬಾವಿ, ತೆಂಗು ಯಾವುದೂ ಉಳಿಯಲಿಲ್ಲ. ಬಲೆಗಳನ್ನು ಹೆಗಲಿಗೆ ಹಾಕಿಕೊಂಡು, ಮಡಕೆಗಳನ್ನು ತಲೆಯ ಮೇಲಿಟ್ಟುಕೊಂಡು ಅವರೆಲ್ಲ ಬೋಳುಗುಡ್ಡದ ಬುಡಕ್ಕೆ ಬಂದು ತೆಂಗಿನ ಮಡಲು ಹೆಣೆದು ಗುಡಿಸಲು ಕಟ್ಟಿದರು. ಹೊಳೆಯ ಎರಡೂ ದಡಗಳನ್ನು ಆಗ ಆಳುತ್ತಿದ್ದವನು ದೇರಣ್ಣ ಹೆಗ್ಗಡೆ. ಕೆಟ್ಟವನಲ್ಲ, ಆದರೆ ಬಿಗಿಮುಷ್ಟಿಯವನು. ನೆಲ ಕೊಟ್ಟರೆ ಇಂದು ಇವರು, ನಾಳೆ ಇನ್ನೊಬ್ಬರು ಎಂಬ ಯೋಚನೆ ಅವನದು. ನಿರಾಕರಿಸಿದರೆ ನೆಲೆ ತಪ್ಪಿದವರ ಶಾಪ ತಟ್ಟೀತೆಂಬ ಅಂಜಿಕೆಯೂ ಇತ್ತು. ಆದ್ದರಿಂದ ಜಟಗ ದೇವರ ಕಟ್ಟೆಯ ಮುಂದೆ ನಿಂತು ಅವನೊಂದು ಮಾತು ಕೊಟ್ಟ: "ನಿಮ್ಮಲ್ಲೊಬ್ಬರು ಗುಡ್ಡದ ನೆತ್ತಿಯಿಂದ ಒಂದು ಸಲ ಕೂಗಿರಿ. ನಿಮ್ಮ ಊರಿನ ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ನೆಲ ನಿಮ್ಮದು. ಕೇಳದಿದ್ದಲ್ಲಿ ಗುಡ್ಡದ ಬುಡವೇ ಸಾಕೆಂದುಕೊಳ್ಳಿ."

ಯಾರು ಕೂಗಬೇಕೆಂಬ ಚರ್ಚೆಯೇ ಆಗಲಿಲ್ಲ. ಹೊಸಬಿಯ ದನಿಯಿಂದಲೇ ತಾನೇ ಎಲ್ಲರೂ ಬದುಕಿದ್ದು! ಅವಳ ಮಾವ ಈರಯ್ಯ ಊರಿನ ಹಿರಿಯ. ಅವನು ಗಾಳಿಯನ್ನು ನೋಡಿ ಹೇಳಿದ, "ಬಿಸಿಲೇರಿದ ಮೇಲೆ ಕಡಲಗಾಳಿ ಏಳ್ತದೆ. ಮೂಡಲಿಗೆ ಮುಖಮಾಡಿ ಕೂಗು ಮಗಳೇ. ಗಾಳಿಯೇ ನಿನ್ನ ದನಿಯನ್ನು ಹೊತ್ತು ಗದ್ದೆಬಯಲಿನ ಆಚೆಗೆ ಒಯ್ತದೆ. ನಮ್ಮ ಮಕ್ಕಳು ಉಣ್ಣುವ ಅನ್ನ ಅದು, ನೆನಪಿರಲಿ." ಗೊತ್ತುಪಡಿಸಿದ ದಿನ ಹೆಗ್ಗಡೆಯ ಆಳುಗಳು ಹಸಿರು ಕೊಂಬೆಗಳನ್ನು ಹಿಡಿದು ಬಯಲಿನುದ್ದಕ್ಕೂ ಅಲ್ಲಲ್ಲಿ ನಿಂತರು. ಕೂಗು ಕಿವಿಗೆ ಬಿದ್ದವನು ನಿಂತಲ್ಲೇ ಕೊಂಬೆ ನೆಡಬೇಕು, ಅದೇ ಗಡಿ. ಗುಡ್ಡದ ಬುಡದಲ್ಲಿ ಹೆಗ್ಗಡೆ ಕುಳಿತಿದ್ದ. ಸುತ್ತ ಇಡೀ ಊರು ನೆರೆದಿತ್ತು.

ಹೊಸಬಿ ನೆತ್ತಿಯನ್ನು ಏರಿ ನಿಂತಳು. ಕಾಲಡಿಯ ಮುರಕಲ್ಲು ಕಾದಿತ್ತು. ಮೂಡಲಲ್ಲಿ ಪೈರು ತೆನೆಗಟ್ಟಿ ಬಯಲೆಲ್ಲ ಹೊನ್ನಿನ ಬಣ್ಣವಾಗಿತ್ತು. ಅದನ್ನು ನೋಡಿ ಅವಳ ಕಣ್ಣು ತುಂಬಿತಂತೆ. ನೀರಿನ ಮೇಲೆಯೇ ಬದುಕಿದವಳು ಅವಳು. ಕಾಲೂರಲು ಇಷ್ಟು ನೆಲ ಸಿಗಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸೆರಗು ಬಿಗಿದು, ಎದೆತುಂಬ ಉಸಿರೆಳೆದುಕೊಂಡಳು. ಅಂಬಿಗರ ಮಕ್ಕಳಿಗೆ ಕೂಗುವ ಮುನ್ನ ಒಮ್ಮೆ ಕಡಲತ್ತ ಕಣ್ಣು ಹಾಯಿಸುವುದು ರೂಢಿ. ಹಾಗೆ ತಿರುಗಿದಾಗ ಅಳಿವೆಯಲ್ಲಿ, ಅಂದರೆ ಹೊಳೆ ಕಡಲನ್ನು ಸೇರುವ ಆ ಸುಳಿಬಾಯಿಯಲ್ಲಿ, ಸರಕು ಸಾಗಿಸುವ ಮಚ್ವೆ ದೋಣಿಯೊಂದು ಮಗುಚಿ ಬಿದ್ದಿರುವುದು ಕಂಡಿತು. ನೀರಿನ ಮೇಲೆ ತಲೆಗಳು ಏಳುತ್ತಿದ್ದವು, ಮುಳುಗುತ್ತಿದ್ದವು. ಕೆಳಗಿದ್ದವರಿಗೆ ಮರಳ ದಿಬ್ಬ ಅಡ್ಡ. ಈ ಲೋಕದಲ್ಲಿ ಆ ಹೊತ್ತಿಗೆ ಅದನ್ನು ಕಂಡವಳು ಅವಳೊಬ್ಬಳೇ.

ಆ ಕಾಲದಲ್ಲಿ ಕಡಲಿನವರಿಗೆ ಅಳಿವೆಕೂಗು ಎಂಬುದೊಂದಿತ್ತು. ಯಾರಾದರೂ ನೀರಿನಲ್ಲಿ ಮುಳುಗುತ್ತಿರುವಾಗ ಮಾತ್ರ ಅದನ್ನು ಕೂಗಬೇಕು. ಕೇಳಿದವನು, ಹಗೆಯೇ ಆಗಿರಲಿ, ಕೈಯ ಕೆಲಸ ಬಿಟ್ಟು 'ಓ' ಎಂದು ಓಗೊಟ್ಟು, ತಿರುಗಿ ನಿಂತು ಮುಂದಿನವರಿಗೆ ಅದೇ ಕೂಗನ್ನು ದಾಟಿಸಬೇಕು. ಹೊಸಬಿಗೆ ಇದ್ದದ್ದು ಒಂದೇ ಕೂಗು. ಬಯಲಿನತ್ತ ಕೂಗಿದರೆ ನೆಲ. ಕಡಲತ್ತ ಕೂಗಿದರೆ, ಎದುರುಗಾಳಿಯಲ್ಲಿ, ಯಾರಿಗೆ ಕೇಳೀತೋ ದೇವರೇ ಬಲ್ಲ. ಅವಳು ಬಯಲಿಗೆ ಬೆನ್ನು ಮಾಡಿದಳು. ಕೆಳಗಿನಿಂದ ಈರಯ್ಯ ಎದೆ ಬಡಿದುಕೊಂಡು, "ಎತ್ತ ತಿರುಗಿದೆಯೇ ಹೊಸಬೀ! ಮೂಡಲು ಆಚೆಗುಂಟು!" ಎಂದು ಅರಚಿದ. ಅವನ ಮಾತು ಮುಗಿಯುವ ಮೊದಲೇ ಗುಡ್ಡ ಸೀಳುವಂತೆ ಕೂಗು ಎದ್ದಿತು: "ಅಳಿವೇ... ಹೋ!"

ಗಾಳಿ ಅದನ್ನು ಅವಳ ಬಾಯಿಗೇ ಮರಳಿ ತುರುಕಿದಂತಾಯಿತು; ಬುಡದಲ್ಲಿದ್ದವರಿಗೂ ಬರೀ ದನಿ ಕೇಳಿತೇ ಹೊರತು ಮಾತು ತಿಳಿಯಲಿಲ್ಲ. ಕೊಂಬೆ ಹಿಡಿದು ನಿಂತವರಲ್ಲಿ ಒಬ್ಬನೂ ಅಲುಗಲಿಲ್ಲ. ಒಂದು ಗಳಿಗೆ ಕಡಲ ಮೊರೆತ ಬಿಟ್ಟರೆ ಬೇರೇನೂ ಇಲ್ಲ. ಬಳಿಕ ಹೊಳೆಯಂಚಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ ಒಬ್ಬಳು ತಲೆಯೆತ್ತಿ "ಓ!" ಎಂದಳು, ತಿರುಗಿ ನಿಂತು ಕೂಗನ್ನು ಹೊಳೆಯಾಚೆಗೆ ಎಸೆದಳು. ಆಚೆ ದಡದ ಆಗರದಲ್ಲಿ ಉಪ್ಪು ಎಳೆಯುತ್ತಿದ್ದವರು ಓಗೊಟ್ಟರು. ಅವರು ಹೆಗ್ಗಡೆಯ ಆಳುಗಳೇ; ಆದರೆ ಅಳಿವೆಕೂಗಿನ ಮುಂದೆ ಯಾವ ಒಡೆಯ? ಮರಳ ದಂಡೆಯಲ್ಲಿ ಬಲೆ ಎಳೆಯುತ್ತಿದ್ದವರು ಓಗೊಟ್ಟರು. ಕಾಗೆಮೂಲೆಯ ಬಂಡೆಯ ಮೇಲಿದ್ದವನು ಓಗೊಟ್ಟ. ಕೊಲ್ಲಿಯಲ್ಲಿ ತಂಗಿದ್ದ ದೋಣಿಗಳೆಲ್ಲ ಒಮ್ಮೆಲೇ ಹುಟ್ಟು ಹಾಕಿ ಅಳಿವೆಯತ್ತ ಚಿಮ್ಮಿದವು. ಮಚ್ವೆಯಲ್ಲಿದ್ದವರು ಯಾವ ಸೀಮೆಯವರೋ, ಅವರ ಮಾತೇ ಬೇರೆ. ಒಬ್ಬನೂ ತಪ್ಪದಂತೆ ಎಲ್ಲರನ್ನೂ ಎಳೆದು ದಡಕ್ಕೆ ಹಾಕಿದರು.

ಇತ್ತ ಗುಡ್ಡವಿಳಿದ ಹೊಸಬಿ ಯಾರ ಮುಖವನ್ನೂ ನೋಡಲಿಲ್ಲ. ಹೆಗ್ಗಡೆ, "ಬಯಲಿನಲ್ಲಿ ಒಂದು ಕೊಂಬೆಯೂ ನೆಡಲಿಲ್ಲವಲ್ಲ ತಂಗಿ" ಎಂದ. "ಹೌದು ಒಡೆಯ" ಎಂದಳು ಅವಳು, "ಬುಡವೇ ಸಾಕು." ಅಷ್ಟರಲ್ಲಿ ನೀರಿಳಿಯುವ ಬಟ್ಟೆಯಲ್ಲೇ ದೋಣಿಯವರು ಬಂದರು. ಮುಂದೆ ಇದ್ದವನು ಕಾಗೆಮೂಲೆಯ ಮುದುಕ ಪುತ್ತು ಖಾರ್ವಿ. "ಕೂಗಿದವರಾರು?" ಎಂದು ಕೇಳಿ, ಹೊಸಬಿಯನ್ನು ಕಂಡು ಕೈಮುಗಿದ. ನಡೆದದ್ದನ್ನೆಲ್ಲ ಜನರಿಂದ ಕೇಳಿದ ಮೇಲೆ ಹೆಗ್ಗಡೆಯತ್ತ ತಿರುಗಿ ಹೇಳಿದ, "ಈ ಊರಿನ ಕೂಗು ಕಾಗೆಮೂಲೆಯಾಚೆ ನನ್ನ ಕೊಲ್ಲಿಯವರೆಗೆ ಕೇಳಿದೆ ಒಡೆಯ. ನಾನೇ ಸಾಕ್ಷಿ." ಹೆಗ್ಗಡೆ ಹುಬ್ಬು ಗಂಟಿಕ್ಕಿ, "ನೀನು ಕೇಳಿದ್ದು ಇವಳ ದನಿಯಲ್ಲ, ಬೇರೆಯವರ ಬಾಯಿಂದ" ಎಂದ. ಮುದುಕ ಅಂಜಲಿಲ್ಲ. "ನಿಮ್ಮ ಅಪ್ಪಣೆಯೂ ನಮ್ಮ ದಡಕ್ಕೆ ಬರುವುದು ನಾಲ್ಕಾರು ಬಾಯಿ ದಾಟಿಯೇ. ಅದು ನಿಮ್ಮದಲ್ಲವೆಂದು ನಾವು ಯಾವತ್ತಾದರೂ ಅಂದದ್ದುಂಟೇ?"

ಹೆಗ್ಗಡೆ ಎದ್ದು, ಎಲ್ಲರೂ ಬೆರಗಾಗುವಂತೆ ಗಟ್ಟಿಯಾಗಿ ನಕ್ಕುಬಿಟ್ಟ. ಬಯಲಿನಿಂದ ಆಳುಗಳನ್ನು ಕರೆಸಿದ, ಒಂದು ಕೊಂಬೆಯನ್ನು ತಾನೇ ಹಿಡಿದ. ಹೊಸಬಿಯನ್ನು ಮುಂದಿಟ್ಟುಕೊಂಡು ಹೊಳೆ ದಾಟಿ, ಯಾರು ಯಾರು ಎಲ್ಲೆಲ್ಲಿ ನಿಂತು ಓಗೊಟ್ಟಿದ್ದರೋ ಅಲ್ಲಲ್ಲಿ ತನ್ನ ಕೈಯಾರೆ ಕೊಂಬೆ ನೆಡುತ್ತ ಕೊಲ್ಲಿಯವರೆಗೂ ನಡೆದ. ಹಿಂದೆ ಜನ ಡೋಲು ಬಡಿಯುತ್ತ, ಕುಣಿಯುತ್ತ ಬಂದರು. ಬದುಕಿ ಬಂದ ಪರದೇಶಿಗಳೂ ಅವರೊಡನೆ ಕುಣಿದರಂತೆ. ಗದ್ದೆಯೊಂದನ್ನು ಕೇಳಿದವರಿಗೆ ಕಡಲೇ ಸಿಕ್ಕಿತು: ಉಪ್ಪು, ಮೀನು, ದೋಣಿ ತಂಗುವ ಕೊಲ್ಲಿ, ಜೊತೆಗೆ ಎರಡು ದಡದ ನಂಟು. ಈರಯ್ಯ ಸೊಸೆಯ ತಲೆಯ ಮೇಲೆ ಕೈಯಿಟ್ಟು, "ನಾನು ತೋರಿಸಿದ ದಿಕ್ಕು ಸಣ್ಣದಾಗಿತ್ತು ಮಗಳೇ" ಎಂದನೆನ್ನುತ್ತಾರೆ. ಓಗೊಟ್ಟವರ ನೆಲ ಜನರ ಬಾಯಲ್ಲಿ ಸವೆದು ಸವೆದು ಓಗೊಡ್ಲು ಆಯಿತು.

ಅಂದು ನೆಟ್ಟವುಗಳಲ್ಲಿ ಸುರಹೊನ್ನೆಯ ಕೊಂಬೆಗಳು ಚಿಗುರಿದವಂತೆ. ಆ ಸಾಲು ಇಂದಿಗೂ ಹೊಳೆಯಾಚೆ ಕಾಣಿಸುತ್ತದೆ. ಗಾಳಿಗೆ ಬಾಗಿದ ಮುದಿಮರಗಳ ನಡುನಡುವೆ ಊರವರು ಬದಲಿಗೆ ನೆಟ್ಟ ಎಳೆಯ ಗಿಡಗಳೂ ಇವೆ. ಬೋಳುಗುಡ್ಡದ ನೆತ್ತಿಗೆ ಬಂದವರು ಕಡಲತ್ತ ಮುಖ ಮಾಡಿ, ಬಾಯಿಗೆ ಕೈಯಡ್ಡವಿಟ್ಟು, ತಮಗೆ ತೋಚಿದ ಹೆಸರೊಂದನ್ನು ಕೂಗುತ್ತಾರೆ. ತಮಾಷೆಗೆಂದು ಕೂಗಿದವರೂ ಮರುಗಳಿಗೆ ಸುಮ್ಮನಾಗಿಬಿಡುತ್ತಾರೆ. ಏಕೆಂದರೆ ಕೆಳಗೆ ಹೊಳೆಯಂಚಿನಲ್ಲಿ ಬಲೆ ಹೆಣೆಯುತ್ತ ಕುಳಿತ ಯಾರೋ ಒಬ್ಬರು, ಕೂಗಿದ್ದು ಯಾರೆಂದು ತಲೆಯೆತ್ತಿಯೂ ನೋಡದೆ, "ಓ!" ಎನ್ನುತ್ತಾರೆ.